ದಿ ಲಿವಿಂಗ್ ರೂಮ್ ಕ್ಯಾಂಡಿಡೇಟ್: ಹಳೆಯ ಚುನಾವಣಾ ಜಾಹೀರಾತುಗಳನ್ನು ಕಿವಿಗೊಟ್ಟು ನೋಡಿ

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ದಿ ಮೂವಿಂಗ್ ಇಮೇಜ್ ನಡೆಸುವ ಜಾಲತಾಣ ಇದು. ಅಮೆರಿಕದ ಅಧ್ಯಕ್ಷ ಚುನಾವಣೆಯ ಟಿವಿ ಜಾಹೀರಾತುಗಳು 1952ರಿಂದ ಇಲ್ಲಿವೆ. ದುಡ್ಡು ಕೊಡಬೇಕಿಲ್ಲ. ಒಂದು ವಾರ ರಾತ್ರಿ ಊಟ ಆದ ಮೇಲೆ ಇದರ ಮುಂದೆಯೇ ಕೂತಿದ್ದೆ. ನಾನು ಹೋಗಿದ್ದು ಸಂಗೀತಕ್ಕಾಗಿ.

1952ರ ಐಸೆನ್‌ಹೋವರ್ ಜಾಹೀರಾತು ಕಾರ್ಟೂನು. ಮೆರವಣಿಗೆ, ಹಾಡು, 'ಐಕ್' ಅನ್ನುವ ಅವರ ಅಡ್ಡಹೆಸರು ಮತ್ತೆ ಮತ್ತೆ. ನಮ್ಮಲ್ಲಿ ಆಟೋಗೆ ಮೈಕ್ ಕಟ್ಟಿ ಸಿನಿಮಾ ಹಾಡಿನ ಧಾಟಿಗೆ ಅಭ್ಯರ್ಥಿಯ ಹೆಸರು ಸೇರಿಸಿ ಹಾಡುತ್ತಾರಲ್ಲ, ಇದರ ಕೆಲಸವೂ ಅದೇ. ಹೆಸರು ನಾಲಿಗೆ ಮೇಲೆ ಕೂರಬೇಕು. 1960ರ ಕೆನಡಿ ಹಾಡೂ ಹಾಗೇ.

ನನ್ನನ್ನು ಅಲ್ಲಾಡಿಸಿದ್ದು 1968ರಲ್ಲಿ ನಿಕ್ಸನ್ ಕಡೆಯವರು ಎದುರಾಳಿ ಡೆಮಾಕ್ರಟಿಕ್ ಅಭ್ಯರ್ಥಿ ಹಂಫ್ರಿ ವಿರುದ್ಧ ಮಾಡಿದ 'ಕನ್ವೆನ್ಷನ್' ಜಾಹೀರಾತು. ಅದರಲ್ಲಿ ಮಾತೇ ಇಲ್ಲ. ಹಂಫ್ರಿ ಪಕ್ಷದ ಸಮಾವೇಶದ ಫೋಟೋಗಳು ಬರುತ್ತವೆ, ಹಿಂದೆ ಬ್ಯಾಂಡಿನವರ ಉತ್ಸಾಹದ ಹಳೇ ಧಾಟಿ. ನಡುವೆ ವಿಯೆಟ್ನಾಂ ಯುದ್ಧ, ಬೀದಿ ಗಲಭೆಯ ಚಿತ್ರಗಳು ನುಗ್ಗುತ್ತವೆ, ಬ್ಯಾಂಡಿನ ಸದ್ದು ತಿರುಚಿಕೊಂಡು ಕರ್ಕಶವಾಗುತ್ತದೆ, ಹಂಫ್ರಿ ಮುಖ ಮತ್ತೆ ಬರುವ ಹೊತ್ತಿಗೆ ಆ ಮನುಷ್ಯನನ್ನು ನೋಡಿದರೆ ಒಂಥರಾ ಹಿಂಸೆ. ಯಾರೂ ಅವರ ಮೇಲೆ ಒಂದು ಆರೋಪವನ್ನೂ ಮಾಡಿಲ್ಲ! ಮಾತಾಗಿದ್ದರೆ ಸುಳ್ಳು ಅಂತ ಜಗಳ ಆಡಬಹುದಿತ್ತು, ಅಪಶ್ರುತಿ ಜೊತೆ ಹೇಗೆ ಜಗಳ ಆಡೋದು? ಆಗಲೇ ಇದರ ಮೇಲೆ ದೂರುಗಳು ಬಂದಿದ್ದವು, ಬರಬೇಕಾದ್ದೇ.

1964ರ 'ಡೈಸಿ' ಜಾಹೀರಾತಿನಲ್ಲಿ ಸಂಗೀತವೇ ಇಲ್ಲ. ಹಕ್ಕಿಗಳ ಸದ್ದು, ಹೂವಿನ ಎಸಳು ಕೀಳುತ್ತಾ ಎಣಿಸುವ ಮಗು, ಆಮೇಲೆ ಗಂಡಸಿನ ದನಿಯಲ್ಲಿ ಕೌಂಟ್‌ಡೌನ್, ಅಣುಬಾಂಬ್. ಮಗುವಿನ ಎಣಿಕೆ ಆರೋಹಣ, ಗಂಡಸಿನದು ಅವರೋಹಣ. ಇದನ್ನು ಆಗಿನ ಅಧ್ಯಕ್ಷ ಜಾನ್ಸನ್ ಕಡೆಯವರು ಜಾಹೀರಾತಾಗಿ ದುಡ್ಡು ಕೊಟ್ಟು ಹಾಕಿಸಿದ್ದು ಒಂದೇ ಸಲ, ಸೆಪ್ಟೆಂಬರ್ 7ರಂದು.

1984ರ ರೇಗನ್ ಜಾಹೀರಾತನ್ನು ಮೊದಲು ಸದ್ದು ತೆಗೆದು ನೋಡಿದೆ. ಕೆಲಸಕ್ಕೆ ಹೋಗುವವರು, ಒಂದು ಮದುವೆ, ಬಾವುಟ. ಏನೂ ಅನ್ನಿಸಲಿಲ್ಲ. ಸದ್ದು ಹಾಕಿದ ಮೇಲೆ ಆ ಮೆತ್ತನೆಯ ತಂತಿವಾದ್ಯಗಳು, ಹಿನ್ನೆಲೆಯಲ್ಲಿ ಮಾತಾಡುವ ಹಾಲ್ ರೈನಿಯ ಬೆಚ್ಚನೆಯ ದನಿ. ರೇಗನ್ ರಾಜಕೀಯ ನನಗೆ ಒಪ್ಪಿಗೆಯಿಲ್ಲ, ಆದರೂ ಗಂಟಲು ಕಟ್ಟಿತು. ನಿಜವಾಗಿ ಹೆದರಿಕೆ ಆಗಿದ್ದು ಆಗಲೇ.

ಇದು ನನ್ನೊಬ್ಬಳ ಅನುಭವ ಅಲ್ಲ. ಟೆಡ್ ಬ್ರೇಡರ್ ಎಂಬ ಸಂಶೋಧಕ 1998ರ ಮ್ಯಾಸಚೂಸೆಟ್ಸ್ ಚುನಾವಣೆ ಹೊತ್ತಿಗೆ ಜಾಹೀರಾತಿನ ಮಾತು ಹಾಗೇ ಇಟ್ಟು ಸಂಗೀತ ಮತ್ತು ಚಿತ್ರ ಮಾತ್ರ ಬದಲಿಸಿ ಜನರಿಗೆ ತೋರಿಸಿದರು. ಹುರುಪು ತುಂಬುವ ಜಾಹೀರಾತು ಇದ್ದ ಒಲವನ್ನೇ ಗಟ್ಟಿ ಮಾಡಿತು. ಭಯ ಹುಟ್ಟಿಸಿದ್ದು ಮನಸ್ಸು ಬದಲಿಸುವ ಕಡೆಗೆ ತಳ್ಳಿತು.

ಜಾಲತಾಣದಲ್ಲಿ ವರ್ಷ, ಬಗೆ, ವಿಷಯ ಹಿಡಿದು ಹುಡುಕಬಹುದು. ಆಡಿದ ಮಾತುಗಳು ಬರಹದಲ್ಲೂ ಇವೆ, ಇಂಗ್ಲಿಷ್ ವೇಗ ಜಾಸ್ತಿ ಅನ್ನಿಸಿದರೆ ಓದಿಕೊಳ್ಳಬಹುದು. ಮೇಷ್ಟ್ರುಗಳು ತರಗತಿಯಲ್ಲಿ ತೋರಿಸಲೇಬೇಕು ಅಂತ ನನ್ನ ಆಸೆ. ಸುಮ್ನೆ ಒಂದು ನೋಡ್ತೀನಿ ಅನ್ನುವವರು 1968ರಿಂದ ಶುರು ಮಾಡಿ, ಇಯರ್‌ಫೋನ್ ಹಾಕಿಕೊಂಡು.