ಒಂದು ಫಿಲ್ಟರ್ ನಂಬಿ ಮರ್ಯಾದೆ ಕಳೆದುಕೊಂಡೆ, ನೀವಾದ್ರೂ ಹುಷಾರು

ಗ್ರಾಹಕರಿಗೆಲ್ಲ ಒಟ್ಟಿಗೆ ವಾಟ್ಸಾಪ್ ಮೆಸೇಜ್ ಕಳಿಸುವ ಸಾಫ್ಟ್‌ವೇರ್ ತಗೊಳ್ಳುವ ಯೋಚನೆ ಇದೆಯಾ? ಮೊದಲು ಇದನ್ನು ಓದಿ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳದ ಮನೆ ವ್ಯಾಪಾರ. ಎಕ್ಸೆಲ್‌ನಲ್ಲಿ ವರ್ಷಗಟ್ಟಲೆ ಕೂಡಿಟ್ಟ 2,300 ನಂಬರ್ ಇದೆ. ಸಾಗರದ ಮಾರಿಜಾತ್ರೆ ಬರುವುದೇ ಮೂರು ವರ್ಷಕ್ಕೊಮ್ಮೆ. ಈ ಸಲ ಅಲ್ಲಿ ಮಳಿಗೆ ಹಾಕಿದ್ದೆವು. ಊರಿನವರಿಗಷ್ಟೇ ಹೇಳೋಣ ಅಂತ ಫಿಲ್ಟರ್‌ನಲ್ಲಿ 'ಕಂಟೇನ್ಸ್' (ಈ ಅಕ್ಷರ ಎಲ್ಲೇ ಇದ್ದರೂ ಹಿಡಿ ಅಂತ) ಇಟ್ಟು, ಇಂಗ್ಲಿಷ್‌ನಲ್ಲಿ 'ಸಾಗರ್' ಅಂತ ಟೈಪ್ ಮಾಡಿದೆ. ಡೆಮೋ ಕೊಟ್ಟ ಹುಡುಗ ಹಾಗೇ ತೋರಿಸಿದ್ದ. "ಟೈಪ್ ಮಾಡಿ, ಸೆಂಡ್ ಒತ್ತಿ, ಅಷ್ಟೇ ಮೇಡಂ."

641 ಅಂತ ಬಂತು.

ನಾನು ಮಂಗ ಆಗಿದ್ದು ಇಲ್ಲೇ. ಸಾಗರದ ಕಡೆ ನಮ್ಮ ಮಾಲು ಹೋಗುವುದು ಹೆಚ್ಚೆಂದರೆ ನೂರೈವತ್ತು ಮನೆಗೆ. ಅದು ನನಗೆ ಗೊತ್ತು. ಗೊತ್ತಿದ್ದೂ, "ನೋಡ್ರೀ, ನಮ್ಮೂರವರು ಎಷ್ಟು ಜನ ಇದ್ದಾರೆ!" ಅಂತ ಯಜಮಾನರನ್ನು ಕರೆದು ತೋರಿಸಿದೆ. ಹೆಮ್ಮೆ ಬೇರೆ. ಪಟ್ಟಿ ಬಿಚ್ಚಿ ಒಂದು ಹೆಸರೂ ನೋಡಲಿಲ್ಲ. ಒತ್ತಿಯೇ ಬಿಟ್ಟೆ.

ಹತ್ತು ನಿಮಿಷಕ್ಕೆ ಶುರುವಾಯಿತು. "ನಿಮ್ಮೂರ ಜಾತ್ರೆಯಲ್ಲಿ ನಮ್ಮ ಮಳಿಗೆ" ಅಂತ ಕಳಿಸಿದ್ದೆನಲ್ಲ, "ನಮ್ಮೂರು ಯಾವುದಮ್ಮಾ?" ಅಂತ ಬೆಂಗಳೂರಿನಿಂದ ಒಬ್ಬರು. ಹೆಸರಲ್ಲಿ ವಿದ್ಯಾಸಾಗರ್ ಇದ್ದವರಿಗೆ ಹೋಗಿತ್ತು. ಕೃಷ್ಣರಾಜಸಾಗರ ರಸ್ತೆಯವರಿಗೆ ಹೋಗಿತ್ತು. ಜಾಸ್ತಿ ಬೆಂಗಳೂರಿಗೇ. ಯಾಕೆ ಗೊತ್ತಾ? ಅಲ್ಲಿ ಅಡ್ರೆಸ್ ಹೇಳುವುದೇ ಹೋಟೆಲ್ ಗುರುತಿನಲ್ಲಿ. ಆ ಸಾಗರ್ ಹಿಂದೆ, ಈ ಸಾಗರ್ ಎದುರು. ಗಲ್ಲಿಗೊಂದು ಸಾಗರ್! ಫಿಲ್ಟರ್ ಊರಿನ ಕಾಲಂ ಒಂದರಲ್ಲೇ ಅಲ್ಲ, ಎಲ್ಲ ಕಾಲಂನಲ್ಲೂ ಕೈಯಾಡಿಸಿತ್ತು. ಆ ಐದು ಇಂಗ್ಲಿಷ್ ಅಕ್ಷರ ಎಲ್ಲೇ ಕೂತಿದ್ದರೂ ಎಳೆದು ತಂದಿತ್ತು. ಇತ್ತ ತಾಳಗುಪ್ಪದ ನಮ್ಮ ಚಿಕ್ಕಮ್ಮನ ಫೋನು: "ಊರಿಗೆಲ್ಲ ಮೆಸೇಜ್ ಹಾಕಿದ್ಯಂತೆ, ನಂಗೆ ಮಾತ್ರ ಇಲ್ವೇನೇ?" ಅವರ ಅಡ್ರೆಸ್‌ನಲ್ಲಿ ಬರೀ ತಾಳಗುಪ್ಪ ಅಂತ ಇತ್ತು. ಸಾಗರ ತಾಲೂಕು ಅಂತ ಸಾಫ್ಟ್‌ವೇರಿಗೆ ಯಾರು ಹೇಳಬೇಕು?

ಎಷ್ಟೋ ಜನ ಬ್ಲಾಕ್ ಮಾಡಿದರು. ನಮ್ಮ ನಂಬರಿಗೆ ವಾಟ್ಸಾಪ್ ಕೊಡುವ ಗುಣಮಟ್ಟದ ರೇಟಿಂಗ್ ಹಸಿರಿದ್ದದ್ದು ಹಳದಿಗೆ ಬಂತು.

ಇದಾದರೂ ಹೋಗಲಿ. ಅದೇ ದಿನ ಬೆಳಗ್ಗೆ ಇನ್ನೊಂದು ಕಳಿಸಿದ್ದೆ. ದುಡ್ಡು ಕೊಟ್ಟ ಅಂಗಡಿಯವರಿಗೆ "ನಿಮ್ಮ ಹಣ ತಲುಪಿದೆ, ಧನ್ಯವಾದ" ಅಂತ. ಪೇಯ್ಡ್, ಅನ್‌ಪೇಯ್ಡ್ ಅಂತ ಟ್ಯಾಗ್ (ಗುರುತು) ಹಾಕಿಕೊಟ್ಟವನು ಆ ಹುಡುಗನೇ. ಅಲ್ಲೂ ನಾನು 'ಕಂಟೇನ್ಸ್' ಇಟ್ಟು ಪೇಯ್ಡ್ ಅಂತ ಹಾಕಿದ್ದೆ. ಅನ್‌ಪೇಯ್ಡ್ ಒಳಗೇ ಪೇಯ್ಡ್ ಇದೆ ಅಲ್ವಾ! ಬಾಕಿ ಇಟ್ಟವರಿಗೂ ಧನ್ಯವಾದ ಹೋಯಿತು. ಶಿವಮೊಗ್ಗದ ಒಂದು ಅಂಗಡಿಯಿಂದ 8,400 ರೂಪಾಯಿ ಬರಬೇಕು. ಮೂರು ತಿಂಗಳಿಂದ ಕೇಳಿ ಕೇಳಿ ನನಗೆ ಸಾಕಾಗಿದೆ. ಆ ಪುಣ್ಯಾತ್ಮ ನನ್ನ ಮೆಸೇಜನ್ನೇ ಸ್ಕ್ರೀನ್‌ಶಾಟ್ ತೆಗೆದು ನನಗೇ ಕಳಿಸಿದ: "ಬಂತು ಅಂತ ನೀವೇ ಹಾಕಿದ್ದೀರಲ್ಲ ಅಕ್ಕಾ." ಕೆಳಗೆ ಕೈ ಮುಗಿಯುವ ಗೊಂಬೆ.

ಕಂಪನಿಗೆ ಫೋನ್ ಮಾಡಿದೆ.

"ನೀವು ಹಾಕಿದ ಕಂಡೀಷನ್ ಪ್ರಕಾರ ಸಿಸ್ಟಮ್ ಕರೆಕ್ಟಾಗೇ ಕೆಲಸ ಮಾಡಿದೆ ಮೇಡಂ."

"ಡೆಮೋದಲ್ಲಿ ನೀವೂ ಅದನ್ನೇ ತಾನೇ ಹಾಕಿದ್ದು?"

"ಅದು ಡೆಮೋ ಡೇಟಾ ಮೇಡಂ."

"ಟ್ಯಾಗ್ ಹೆಸರು ಇಟ್ಟಿದ್ದು ನೀವೇ ಅಲ್ವಾ?"

"ಅದು ಸ್ಟ್ಯಾಂಡರ್ಡ್ ಟ್ಯಾಗ್ ಮೇಡಂ, ಎಲ್ಲರಿಗೂ ಅದೇ ಕೊಡೋದು."

ಎಲ್ಲರಿಗೂ ಅದೇ ಅಂತೆ! ಒಂದು ಮೆಸೇಜಿಗೆ ಒಂದು ರೂಪಾಯಿ ಲೆಕ್ಕ ನಮ್ಮ ಪ್ಲಾನಿನಲ್ಲಿ. ವಾಪಸ್ ಕೇಳಿದರೆ, "ಡೆಲಿವರಿ ಆಗಿದೆಯಲ್ಲ ಮೇಡಂ" ಅಂದ. ಆಗಿದೆಯಪ್ಪಾ, ಆಗಿರುವುದೇ ಕಷ್ಟ.

ಟ್ಯಾಗ್‌ಗೆ 'ಕಂಟೇನ್ಸ್' ಹಾಕಲೇಬೇಡಿ, 'ಎಗ್ಸಾಕ್ಟ್' ಹಾಕಿ, ಪೂರ್ತಿ ಅದೇ ಹೆಸರಿದ್ದರೆ ಮಾತ್ರ ಹಿಡಿಯುತ್ತದೆ. ಒಂದರ ಹೊಟ್ಟೆಯಲ್ಲಿ ಇನ್ನೊಂದು ಕೂರುವ ಹೆಸರು ಇಡಬೇಡಿ. ನಾನೀಗ 'ಬಂತು', 'ಬಾಕಿ' ಅಂತ ಇಟ್ಟಿದ್ದೇನೆ. ಊರಿಗೆ ಮಾತ್ರ ಎಗ್ಸಾಕ್ಟ್ ಕೂಡ ಸಾಲದು. ಸಾಗರಕ್ಕೆ ಕೊನೆಯಲ್ಲಿ ಒಬ್ಬರು 'ಎ' ಹಾಕುತ್ತಾರೆ, ಒಬ್ಬರು ಹಾಕುವುದಿಲ್ಲ. ಪಿನ್ ಕೋಡ್ ವಾಸಿ, ಅದೂ ಆರಂಕಿ ಪೂರ್ತಿ. ಸಾಗರ ಪೇಟೆಗೆ 577401. ಸುಮ್ನೆ 577 ಅಂತ ಹಾಕಿದರೆ ದಾವಣಗೆರೆ, ಚಿತ್ರದುರ್ಗ, ಚಿಕ್ಕಮಗಳೂರು ಎಲ್ಲ ಜಾತ್ರೆಗೆ ಬರುತ್ತವೆ. ಮತ್ತೆ, ಲೆಕ್ಕ ನಿಮ್ಮ ಅಂದಾಜಿಗಿಂತ ಜಾಸ್ತಿ ಬಂದರೆ ಖುಷಿ ಪಡಬೇಡಿ. ಪಟ್ಟಿ ಬಿಚ್ಚಿ ನೋಡಿ. ಬಿಚ್ಚಿ ನೋಡಿ!

ಆ 8,400 ಇನ್ನೂ ಬಂದಿಲ್ಲ. ಅಂಗಡಿ ಮೆಟ್ಟಿಲು ಹತ್ತಿದರೆ ಸಾಕು, ಅವನು ಮೊದಲು ಫೋನ್ ಹೊರಗೆ ತೆಗೆಯುತ್ತಾನೆ.