ಮಗುವಿನ ಹುಳುಕು ಹಲ್ಲಿಗೆ ಡೆಂಟಲ್ ಕಾಲೇಜಾ, ಕ್ಲಿನಿಕ್ಕಾ?

ಮಂಗಳೂರಿನವರಿಗೆ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ. ದೇರಳಕಟ್ಟೆಯಲ್ಲೇ ಎರಡು, ಕುಂಟಿಕಾನ, ಮುಕ್ಕದಲ್ಲೂ ಉಂಟು. ಉಡುಪಿಯವರಿಗೆ ಮಣಿಪಾಲ ಹತ್ತಿರ.

ಕಾಲೇಜಿನಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ. ಮಕ್ಕಳ ಹಲ್ಲಿಗೆ ಪ್ರತ್ಯೇಕ ವಿಭಾಗವೇ ಇರುತ್ತದೆ. ಆದರೆ ಹೊತ್ತು ಜಾಸ್ತಿ ಹಿಡಿಯುತ್ತದೆ. ವಿದ್ಯಾರ್ಥಿಗಳು ಮಾಡಿದ ಕೆಲಸವನ್ನು ಹಿರಿಯ ಡಾಕ್ಟರು ಬಂದು ನೋಡಬೇಕು. ಅಷ್ಟು ಹೊತ್ತು ಬಾಯಿ ತೆರೆದು ಕೂರು ಅಂದರೆ ಮೂರು ವರ್ಷದ ಮಗು ಕೇಳುತ್ತದಾ?

ಕ್ಲಿನಿಕ್‌ನಲ್ಲಿ ದುಡ್ಡು ಜಾಸ್ತಿ, ಕಾಯುವುದು ಕಡಿಮೆ. ಪ್ರತಿ ಸಲ ಅದೇ ಡಾಕ್ಟರ ಮುಖ ಕಂಡರೆ ಮಗುವಿಗೂ ಧೈರ್ಯ. ಹೋಗುವ ಮೊದಲು ಒಂದು ಮಾತು ಕೇಳಿ: ಪೀಡೋಡಾಂಟಿಸ್ಟ್, ಅಂದರೆ ಮಕ್ಕಳ ಹಲ್ಲಿನ ತಜ್ಞರು, ಯಾವ ದಿನ ಬರುತ್ತಾರೆ? ಒಳ್ಳೆಯವರು ಮೊದಲ ದಿನವೇ ಡ್ರಿಲ್ ಹಿಡಿಯುವುದಿಲ್ಲ. ಪುಟ್ಟ ಕನ್ನಡಿಯನ್ನು ಮಗುವಿನ ಕೈಗೇ ಕೊಟ್ಟು, ಹಲ್ಲು ಎಣಿಸಿ, ಸುಮ್ನೆ ಕಳಿಸುವುದೂ ಉಂಟು. ನೋವಿಲ್ಲದಿದ್ದರೆ ಅದೇ ಸರಿ.

ನನ್ನ ಮಟ್ಟಿಗೆ, ಒಂದೆರಡು ಸಣ್ಣ ಹುಳುಕಾದರೆ ಕ್ಲಿನಿಕ್. ಬಾಯಿ ತುಂಬ ಹುಳುಕು, ಪೂರ್ತಿ ಅರಿವಳಿಕೆ ಕೊಟ್ಟೇ ಮಾಡಬೇಕು ಅನ್ನುವಂತಿದ್ದರೆ ಆಸ್ಪತ್ರೆ ಜೊತೆಗಿರುವ ಕಾಲೇಜು. ಕೆನ್ನೆ ಊದಿ ಜ್ವರ ಬಂದಿದ್ದರೆ ಆಯ್ಕೆ ಮಾಡುತ್ತ ಕೂರಬೇಡಿ, ಇವತ್ತೇ ಯಾರು ನೋಡುತ್ತಾರೋ ಅಲ್ಲಿಗೆ ಓಡಿ.

'ಹಾಲುಹಲ್ಲು, ಹೇಗೂ ಬೀಳುತ್ತದೆ' ಎಂದು ಅಜ್ಜಿ ಹೇಳಬಹುದು. ಹಿಂದಿನ ದವಡೆಯ ಹಾಲುಹಲ್ಲು ಬೀಳುವುದು 10-12 ವರ್ಷಕ್ಕೆ. ಅಲ್ಲಿವರೆಗೆ ಊಟ ಅಗಿಯಬೇಕಲ್ವಾ? ಎಲ್ಲಿಗೇ ಹೋಗಿ, ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದು ನಿಲ್ಲಿಸಿ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು.