ಪ್ಲಾಸ್ಮಾದಲ್ಲಿ ಹೆಪಾರಿನ್: ನೀಲಿ ಬಣ್ಣ, ರುಥೇನಿಯಂ, ಪ್ಲಾಟಿನಂ ಮೂರನ್ನೂ ಬಳಸಿ ನೋಡಿದೆ

ಡಯಾಲಿಸಿಸ್ ಮಾಡುವಾಗ ಕೊಳವೆಗಳಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಕೊಡುತ್ತಾರೆ. ಇದು ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುವ ಸಕ್ಕರೆಯ ಸರಪಳಿ. ಮೈತುಂಬ ಸಲ್ಫೇಟ್ ಇರುವುದರಿಂದ ಋಣ ಆವೇಶ ಬಹಳ ದಟ್ಟ. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಹೆಪ್ಪಿನ ಚಿಕಿತ್ಸೆಯಲ್ಲಿ ರಕ್ತನಾಳಕ್ಕೆ ಹನಿಸುವಾಗ ವೈದ್ಯರ ಗುರಿ ಸಾಮಾನ್ಯವಾಗಿ ಮಿಲಿಲೀಟರಿಗೆ 0.3ರಿಂದ 0.7 ಯೂನಿಟ್. ತೂಕದಲ್ಲಿ ಹೇಳಿದರೆ ಸುಮಾರು 2ರಿಂದ 4 ಮೈಕ್ರೋಗ್ರಾಂ. ಪ್ಲಾಸ್ಮಾಕ್ಕೆ, ಅಂದರೆ ಕಣಗಳನ್ನು ತೆಗೆದ ರಕ್ತದ ದ್ರವಕ್ಕೆ, ಅಳೆದು ಹೆಪಾರಿನ್ ಬೆರೆಸಿ, ಇಷ್ಟು ಕಿರಿದಾದ ಅಂತರವನ್ನು ಯಾವ ಬಣ್ಣ ಅಥವಾ ಬೆಳಗುವ ಲೋಹದ ಅಣು ಹಿಡಿಯುತ್ತದೆ ಎಂದು ಕೆಲವು ತಿಂಗಳು ನೋಡಿದೆ.

ಮೊದಲು ಹಳೆಯ ನಂಬಿಕಸ್ಥ ಡಿಎಂಎಂಬಿ, ಅಂದರೆ ಡೈಮೀಥೈಲ್ ಮೆಥಿಲೀನ್ ಬ್ಲೂ. ಅಗ್ಗ, ಸಾಲು ಸಾಲು ಮಾದರಿಗಳ ಬಣ್ಣ, ಬೆಳಕು ಓದುವ ಸಾದಾ ಪ್ಲೇಟ್ ರೀಡರ್ ಸಾಕು. ಹೆಪಾರಿನ್ ಬಿದ್ದೊಡನೆ ನೀಲಿ ನೇರಳೆಗೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಇಂಥ ಸಕ್ಕರೆ ಸರಪಳಿಗಳು ಮೈಯಲ್ಲಿ ಕೂಡಿಕೊಳ್ಳುವ ಆನುವಂಶಿಕ ರೋಗ ಮ್ಯೂಕೋಪಾಲಿಸ್ಯಾಕರಿಡೋಸಿಸ್ ಇರುವ ಮಕ್ಕಳ ಮೂತ್ರ ಪರೀಕ್ಷೆಯಲ್ಲಿ ಇದರ ಉಪಯೋಗ ದೊಡ್ಡದು. ಆದರೆ ಪ್ಲಾಸ್ಮಾದಲ್ಲಿ ನನಗೆ ಒಗ್ಗಲಿಲ್ಲ. ಓದುವುದು 525 ನ್ಯಾನೋಮೀಟರಿನಲ್ಲಿ. ಕೆಂಪು ಕಣಗಳು ಸ್ವಲ್ಪ ಒಡೆದಿದ್ದರೂ ಹಿಮೋಗ್ಲೋಬಿನ್ 540ರಲ್ಲಿ ಬೆಳಕು ಹೀರಿ ಲೆಕ್ಕ ಕೆಡಿಸುತ್ತದೆ. ಜೊತೆಗೆ ಕೆಲವೇ ನಿಮಿಷಗಳಲ್ಲಿ ಬಣ್ಣ ತಳಕ್ಕೆ ಕೂರುತ್ತದೆ. ಪ್ಲೇಟಿನ ಕೊನೆಯ ಸಾಲಿಗೆ ಪೈಪೆಟ್ ಹೋಗುವಷ್ಟರಲ್ಲಿ ಮೊದಲ ಸಾಲು ಹಳತಾಗಿರುತ್ತಿತ್ತು.

ರುಥೇನಿಯಂ–ಬೈಪಿರಿಡಿನ್ ಸಂಕೀರ್ಣದ (ನಡುವೆ ಲೋಹ, ಸುತ್ತ ಅದಕ್ಕೆ ಅಂಟಿದ ಸಾವಯವ ಅಣುಗಳು) ಮೇಲೆ ನನಗೆ ಹೆಚ್ಚು ಆಸೆಯಿತ್ತು. 450 ನ್ಯಾನೋಮೀಟರಿನ ನೀಲಿ ಬೆಳಕು ಕೊಟ್ಟರೆ 610ರ ಆಸುಪಾಸು ಕಿತ್ತಳೆಗೆಂಪು ಬೆಳಕು ಕೊಡುತ್ತದೆ. ಆ ಬೆಳಕು ನೂರಾರು ನ್ಯಾನೋಸೆಕೆಂಡು ಉಳಿಯುತ್ತದೆ; ಪ್ಲಾಸ್ಮಾದ ಸ್ವಂತ ಹೊಳಪು ಕೆಲವೇ ನ್ಯಾನೋಸೆಕೆಂಡು. ಸ್ವಲ್ಪ ತಡೆದು ಓದಿದರೆ ಹಿನ್ನೆಲೆಯ ಗಲಾಟೆ ಇಲ್ಲವೇ ಇಲ್ಲ. ಆದರೆ ಸಾದಾ ಸಂಕೀರ್ಣಕ್ಕೆ ಇರುವುದು ಎರಡೇ ಧನ ಆವೇಶ. ರಕ್ತದಷ್ಟು ಉಪ್ಪಿನಲ್ಲಿ ಹೆಪಾರಿನ್ ಮೇಲಿನ ಹಿಡಿತ ಸಡಿಲವಾಯಿತು, ಬೆಳಕು ಹೆಚ್ಚೇನೂ ಬದಲಾಗಲಿಲ್ಲ. ಇದರ ಬೆಳಕನ್ನು ಆಮ್ಲಜನಕ ನುಂಗುವುದರಿಂದ, ಟ್ಯೂಬ್ ಅಲುಗಿಸಿದರೂ ಅಂಕಿ ಕದಲುತ್ತಿತ್ತು.

ಟರ್ಬಿಯಂ ಸಂಕೀರ್ಣವನ್ನು ಒಂದೇ ವಾರಕ್ಕೆ ಬಿಟ್ಟೆ. ಪ್ಲಾಸ್ಮಾ ಇಲ್ಲದ ಬರೀ ಬಫರ್ ದ್ರಾವಣದಲ್ಲಿ ಹಸಿರಾಗಿ ಬೆಳಗಿತು. ಪ್ಲಾಸ್ಮಾದಲ್ಲಿ ಮಾತ್ರ, ರಕ್ತ ಹೆಪ್ಪುಗಟ್ಟದಿರಲೆಂದು ನೀಲಿ ಮುಚ್ಚಳದ ಟ್ಯೂಬಿನಲ್ಲಿ ಹಾಕಿರುವ ಸಿಟ್ರೇಟ್ ಲೋಹವನ್ನೇ ಹಿಡಿದುಕೊಂಡು ಎಲ್ಲವನ್ನೂ ಕಲಸಿತು.

ಉಳಿದದ್ದು ಪ್ಲಾಟಿನಂ–ಟರ್ಪಿರಿಡಿನ್. ಋಣ ಆವೇಶದ ಸರಪಳಿಗಳ ಮೇಲೆ ಇಂಥ ಅಣುಗಳು ಒಟ್ಟುಗೂಡುವ ಬಗ್ಗೆ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ವಿವಿಯನ್ ಯಾಮ್ ಅವರ ತಂಡ ಬಹಳ ಕೆಲಸ ಮಾಡಿದೆ. ಅಣು ಚಪ್ಪಟೆ. ಹೆಪಾರಿನ್ ಸಿಕ್ಕಿದೊಡನೆ ದೋಸೆ ಪೇರಿಸಿದ ಹಾಗೆ ಒಂದರ ಮೇಲೊಂದು ಕೂರುತ್ತವೆ, ಪ್ಲಾಟಿನಂಗೆ ಪ್ಲಾಟಿನಂ ಹತ್ತಿರವಾಗುತ್ತದೆ, ಅದುವರೆಗೆ ಇಲ್ಲದಿದ್ದ ಬೆಳಕು 800ರ ಹತ್ತಿರ ಹುಟ್ಟುತ್ತದೆ. ಇದ್ದ ಬೆಳಕು ಕುಂದುವುದನ್ನು ಅಳೆಯುವುದಕ್ಕಿಂತ ಕತ್ತಲಲ್ಲಿ ಬೆಳಕು ಹುಟ್ಟುವುದನ್ನು ಅಳೆಯುವುದು ಎಷ್ಟೋ ಸುಲಭ. ತೊಂದರೆ ಎರಡು: ಹಳೆಯ ಪ್ಲೇಟ್ ರೀಡರಿಗೆ 750ರ ಆಚೆ ಕಣ್ಣು ಮಂಜು, ಉಪ್ಪು ಹೆಚ್ಚಾದರೆ ಹೆಪಾರಿನ್ ಇಲ್ಲದೆಯೂ ಅಣುಗಳು ಪೇರಿಕೊಳ್ಳುತ್ತವೆ. ಪ್ಲಾಸ್ಮಾವನ್ನು ಚೆನ್ನಾಗಿ ತೆಳುಮಾಡಿ, ಬೆರೆಸಿದ ಮೇಲೆ ಕಾಯುವ ಹೊತ್ತನ್ನು ಗಡಿಯಾರ ನೋಡಿ ಒಂದೇ ಸಮ ಇಟ್ಟುಕೊಂಡ ಮೇಲೆ ದಿನದಿಂದ ದಿನಕ್ಕೆ ಅಂಕಿಗಳು ಹೊಂದತೊಡಗಿದವು.

ಒಂದು ದಿನ, ಹೆಪಾರಿನ್ ಹಾಕದ ಹೋಲಿಕೆಯ ಮಾದರಿಯೇ ಎಲ್ಲಕ್ಕಿಂತ ಜೋರಾಗಿ ಬೆಳಗಿತು. ಸಂಕೀರ್ಣ ಕೆಟ್ಟಿದೆ ಅಂದುಕೊಂಡೆ. ಒಂದು ಹನಿ ಪ್ರೊಟಮಿನ್ ಹಾಕಿದೆ. ಹೆಪಾರಿನ್ನನ್ನು ಕಟ್ಟಿಹಾಕಲು ಆಪರೇಷನ್ ಥಿಯೇಟರಿನಲ್ಲಿ ಬಳಸುವ ಔಷಧ ಅದು. ಬೆಳಕು ಆರಿತು. ಅಂದರೆ ಒಳಗಿದ್ದದ್ದು ನಿಜವಾಗಿಯೂ ಹೆಪಾರಿನ್ನೇ! ರ‍್ಯಾಕಿನಲ್ಲಿ ಹುಡುಕಿದರೆ ಆ ಪ್ಲಾಸ್ಮಾ ಬಂದದ್ದು ಹಸಿರು ಮುಚ್ಚಳದ ಟ್ಯೂಬಿನಿಂದ. ಅದರ ಗೋಡೆಗೇ ಹೆಪಾರಿನ್ ಸವರಿರುತ್ತಾರೆ. ಅಂದಿನಿಂದ ಪ್ರತಿ ಮಾದರಿಯನ್ನೂ ಪ್ರೊಟಮಿನ್ ಹಾಕಿ, ಹಾಕದೆ ಎರಡು ಸಲ ಓದುತ್ತೇನೆ. ಪ್ರೊಟಮಿನ್ನಿಗೆ ಆರದ ಬೆಳಕನ್ನು ಹೆಪಾರಿನ್ ಎಂದು ಬರೆಯುವುದಿಲ್ಲ.

ಹಾಗೆಂದು ಆಸ್ಪತ್ರೆಯ ಆ್ಯಂಟಿ-ಟೆನ್‌ಎ ಪರೀಕ್ಷೆಯ ಜಾಗಕ್ಕೆ ಇದನ್ನು ತರಲಾರೆ. ಆ ಪರೀಕ್ಷೆ ಅಳೆಯುವುದು ಔಷಧದ ಕೆಲಸವನ್ನು, ಅಂದರೆ ಹೆಪ್ಪುಗಟ್ಟಿಸುವ ಟೆನ್‌ಎ ಎಂಬ ಕಿಣ್ವವನ್ನು ಅದು ಎಷ್ಟು ತಡೆಯುತ್ತದೆ ಎಂಬುದನ್ನು. ಹೆಪಾರಿನ್ ಸರಪಳಿಗಳಲ್ಲಿ ಸುಮಾರು ಮೂರರಲ್ಲೊಂದಕ್ಕೆ ಮಾತ್ರ ಆ ಕೆಲಸಕ್ಕೆ ಬೇಕಾದ ಐದು ಸಕ್ಕರೆಗಳ ತುಣುಕು ಇರುತ್ತದೆ. ನನ್ನ ಪ್ಲಾಟಿನಂ ಎಣಿಸುವುದು ಆವೇಶವನ್ನು. ಫೊಂಡಾಪ್ಯಾರಿನಕ್ಸ್ ಎಂಬ ಔಷಧ ಅಂದರೆ ಆ ಐದು ಸಕ್ಕರೆಗಳು ಮಾತ್ರ. ಅದನ್ನು ಬೆರೆಸಿದ ಪ್ಲಾಸ್ಮಾದಲ್ಲಿ ನನ್ನ ಟ್ಯೂಬ್ ಹೆಚ್ಚುಕಡಿಮೆ ಕತ್ತಲಾಗಿಯೇ ಉಳಿಯಿತು.